ಐದು ಗೇಣು ಕೂದಲು

ಮೊದಲ ದಿನವೇ ಎಡವಿದವಳು ನಾನು. ಕುಮಟೆಯ ಆ ಸಭಾಭವನದಲ್ಲಿ ಬೆಳಗ್ಗೆ ಒಂಬತ್ತಕ್ಕೆಲ್ಲ ಕನ್ನಡಿ, ಕುರ್ಚಿ, ಬಕೆಟ್ಟಿನಲ್ಲಿ ಬಿಸಿನೀರು, ಎರಡು ಡ್ರೈಯರ್, ಸಾಣೆ ಹಿಡಿಸಿದ ಕತ್ತರಿ, ರಬ್ಬರ್ ಬ್ಯಾಂಡಿನ ಡಬ್ಬಿ ಎಲ್ಲ ಸಜ್ಜಾಗಿದ್ದವು. ಹನ್ನೊಂದಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಕೂದಲು ದಾನಕ್ಕೆ ಹೆಸರು ಕೊಟ್ಟಿದ್ದವರಿಗೆಲ್ಲ ಫೋನ್ ಹಚ್ಚಿದೆ. ಒಬ್ಬಳಿಗೆ ತಲೆನೋವು, ಇನ್ನೊಬ್ಬಳ ಮನೆಗೆ ನೆಂಟರು, ಉಳಿದವರು ಫೋನನ್ನೇ ಎತ್ತಲಿಲ್ಲ. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ ಸಭಾಭವನದ ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದುಕೊಂಡೇ ಬಂದು ಮೆಲ್ಲಗೆ ಕೇಳಿದಳು.

“ಇವತ್ತು ಮಂಗಳವಾರ ಅಲ್ದಾ ಅಕ್ಕಾ?”

ಮಂಗಳವಾರ ನಮ್ಮ ಕಡೆ ಗಂಡಸರೇ ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಮುತ್ತೈದೆಯರು ಜಡೆಗೆ ಕತ್ತರಿ ಹಾಕಿಸುವುದಂತೂ ದೂರದ ಮಾತು. ನನ್ನ ಬ್ಯೂಟಿ ಪಾರ್ಲರು ಮಂಗಳವಾರ ಮುಚ್ಚಿರುವುದೂ ಅದೇ ಕಾರಣಕ್ಕೆ. ಅಂದು ಹೇಗೂ ನನಗೆ ಬಿಡುವು ಎಂದು ನಾನೇ ಆ ದಿನ ಗೊತ್ತು ಮಾಡಿದ್ದೆ. ಇಷ್ಟು ವರ್ಷ ಅಂಗಡಿ ನಡೆಸಿ ರಜೆ ಮಾತ್ರ ನೆನಪಿಟ್ಟುಕೊಂಡು, ರಜೆ ಯಾಕೆಂಬುದನ್ನು ಮರೆತಿದ್ದೆ. ಬಿಸಿನೀರನ್ನೆಲ್ಲ ಗಿಡಕ್ಕೂ ಹಾಕುವಂತಿರಲಿಲ್ಲ; ಚೆಲ್ಲಿ, ಕನ್ನಡಿ ಹೊತ್ತು ಮನೆಗೆ ಬಂದೆ.

ಈ ಉಸಾಬರಿಗೆ ನಾನು ಬಿದ್ದದ್ದು ಅಘನಾಶಿನಿಯ ಒಬ್ಬ ಹೆಂಗಸಿನ ದೆಸೆಯಿಂದ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ತಂದು ನಮ್ಮ ಕೇರಿಯಲ್ಲಿ ಮಾರುತ್ತಿದ್ದವಳು. ಅವಳಿಗೆ ಎದೆಯ ಕ್ಯಾನ್ಸರ್ ಆಗಿ ಕಿಮೋ ಶುರುವಾಗಿತ್ತು. ಅದಕ್ಕೆ ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕಿನವರು ಮಂಗಳೂರಿನ ಕಡೆಗೇ ಹೋಗಬೇಕು. ನಸುಕಿನ ಬಸ್ಸಿಗೆ ಹೋಗಿ, ಔಷಧಿ ಏರಿಸಿಕೊಂಡು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ವಾಂತಿ ಮಾಡುತ್ತ ವಾಪಸು ಬರುವುದು. ಎರಡು ಸಲ ಹೋಗಿ ಬಂದವಳು ಮೂರನೆಯದಕ್ಕೆ ಹೋಗಲೇ ಇಲ್ಲ. ಸತ್ತರೆ ಮನೆಯಲ್ಲೇ ಸಾಯುತ್ತೇನೆ, ಬಸ್ಸಿನಲ್ಲಿ ಎಲ್ಲರೆದುರು ಮರ್ಯಾದೆ ಕಳೆದುಕೊಳ್ಳುವುದಿಲ್ಲ ಎಂದಳು.

ನನ್ನ ಗಿರಾಕಿಯಾಗಿದ್ದ ಬ್ಯಾಂಕಿನ ಮೇಡಂಗೆ ಇದನ್ನು ಹೇಳಿದೆ. ಅವರು ಯಾವುದನ್ನೂ ಬರಿದೆ ಕೇಳಿಸಿಕೊಳ್ಳುವವರಲ್ಲ. ವಾರದೊಳಗೆ ಒಂದು ಹಳೆಯ ವ್ಯಾನ್ ಹುಡುಕಿದರು. ಸೀಟು ತೆಗೆದು ಮಲಗುವ ಹಾಗೆ ಮಾಡಿ ಮೂರು ತಾಲೂಕಿನ ರೋಗಿಗಳನ್ನು ವಾರಕ್ಕೆರಡು ಸಲ ಕರೆದೊಯ್ಯುವುದು ಯೋಜನೆ. ವ್ಯಾನ್ ಮಾರುವವನು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆಂದ. ದುಡ್ಡಿಗೆ ದಾರಿ ತೋರಿಸಿದ್ದು ನಾನು. ಮೂರೂ ತಾಲೂಕಿನಲ್ಲಿ ಒಂದೊಂದು ಶಿಬಿರ, ಅಲ್ಲಿ ಹೆಂಗಸರು ಜಡೆ ಕತ್ತರಿಸಿ ಕೊಡುವುದು. ಅವರ ಜಡೆಯ ಉದ್ದಕ್ಕೆ ತಕ್ಕಂತೆ ಊರವರು ಹಣ ಕೊಡುವುದು. ಕೂದಲು ರೋಗಿಗಳಿಗೆ ವಿಗ್ ಮಾಡುವವರಿಗೆ ಹೋಗುವುದು. ಒಂದೇ ಜಡೆಯಿಂದ ಎರಡು ಕೆಲಸ. ಹೇಳುವಾಗ ಬಹಳ ಸುಲಭವಾಗಿತ್ತು.

ಇಂಚಿಗೆ ಇಷ್ಟು ಎಂದು ಮೇಡಂ ಚೀಟಿ ಹೊಡೆಸಿದರೆ ಒಬ್ಬರಿಗೂ ಮನಸ್ಸಿಗೆ ಹತ್ತಲಿಲ್ಲ. ಗೇಣಿಗೆ ಇಷ್ಟು ಎಂದಾಗ ಎಲ್ಲರ ಮುಖ ಅರಳಿತು. ಆದರೆ ಯಾರ ಗೇಣು? ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗಿನ ಅಳತೆ ಒಬ್ಬೊಬ್ಬರದು ಒಂದೊಂದು. ಅದರ ಮೇಲೆ ಅರ್ಧ ದಿನ ಚರ್ಚೆಯಾಗಿ, ಕತ್ತರಿ ಹಿಡಿಯುವವಳ ಕೈಯೇ ಅಳತೆ ಎಂದು ತೀರ್ಮಾನವಾಯಿತು. ಹಾಗೆ ಮೂರು ತಾಲೂಕಿಗೂ ನನ್ನ ಎಡಗೈ ಅಳತೆಗೋಲಾಯಿತು. ನನಗೆ ಒಳಗೊಳಗೆ ಜಂಬವೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮಂಗಳವಾರದ ಮರುದಿನ, ಬುಧವಾರ, ಅದೇ ಸಭಾಭವನಕ್ಕೆ ಹದಿನಾಲ್ಕು ಜನ ಬಂದರು. ವಿಗ್ ಮಾಡುವವರ ಕರಾರು ಬಿಗಿಯಾಗಿತ್ತು. ಬಣ್ಣ ಹಚ್ಚಿದ ಕೂದಲು ಆಗದು. ಎಣ್ಣೆಯ ಪಸೆ ಇರಕೂಡದು. ಒಂದಿಷ್ಟು ತೇವ ಉಳಿದರೂ ಪೊಟ್ಟಣದೊಳಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ತೊಳೆದು ಪೂರ್ತಿ ಒಣಗಿಸಬೇಕು. ಎಲ್ಲಕ್ಕಿಂತ ಮುಖ್ಯ, ಕೂದಲಿನ ಬುಡಗಳೆಲ್ಲ ಒಂದೇ ಕಡೆ ಇರಬೇಕು. ಕೂದಲ ಮೈಮೇಲೆ ಕಣ್ಣಿಗೆ ಕಾಣದಂಥ ಪೊರೆಗಳಿವೆ, ಅವು ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಬುಡ-ತುದಿ ಬೆರೆತರೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ವಿಗ್ಗು ನಾಲ್ಕು ದಿನದಲ್ಲಿ ಗಂಟುಗಂಟಾಗುತ್ತದೆ.

ನಮ್ಮ ಹೆಂಗಸರೋ ವಾರಗಟ್ಟಲೆ ಕೊಬ್ಬರಿ ಎಣ್ಣೆ ಕುಡಿಸಿದ ತಲೆಯಲ್ಲಿ ಬಂದಿದ್ದರು. ದಾನ ಕೊಡುವ ಕೂದಲು ಚೆನ್ನಾಗಿರಲಿ ಎಂದು ಅಂದು ಬೆಳಗ್ಗೆ ಇನ್ನೊಂದು ಕೈ ಎಣ್ಣೆ ಹೆಚ್ಚೇ ಹಾಕಿದ್ದರು. ಒಬ್ಬೊಬ್ಬರಿಗೆ ಮೂರು ಸಲ ಶಾಂಪೂ. ಆಮೇಲೆ ಕುತ್ತಿಗೆಯ ಹತ್ತಿರ ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೆ ಬ್ಯಾಂಡು ಬಿಗಿದು, ಬ್ಯಾಂಡಿನಿಂದ ಒಂದು ಬೆರಳು ಮೇಲೆ ಕತ್ತರಿ. ಕತ್ತರಿ ಆಡುವ ಹೊತ್ತಿಗೆ ಹೆಚ್ಚಿನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಬ್ಬಳು ಮಾತ್ರ ಕೊನೆಯವರೆಗೂ ನಗುತ್ತಲೇ ಇದ್ದು, ಕನ್ನಡಿ ನೋಡಿದ್ದೇ ಗೊಳೋ ಎಂದು ಅತ್ತಳು.

ನಾನು ಕತ್ತರಿಸಿ ಕೊಟ್ಟದ್ದನ್ನು ಜೋಡಿಸಲು ತದಡಿಯ ಮೀನು ಮಾರುವ ಹೆಂಗಸರು ನಾಲ್ವರು ತಾವಾಗಿ ಬಂದಿದ್ದರು. ಸಂಜೆ ತಿರುಗಿ ನೋಡುತ್ತೇನೆ, ಕೂದಲ ಕಟ್ಟುಗಳನ್ನೆಲ್ಲ ಒಂದರ ತಲೆಯ ಪಕ್ಕ ಇನ್ನೊಂದರ ಬಾಲ ಬರುವಂತೆ ಅಚ್ಚುಕಟ್ಟಾಗಿ ಬುಟ್ಟಿಗೆ ತುಂಬಿಸಿದ್ದಾರೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕತ್ತರಿಸಿದ ಬುಡ ಸಪಾಟಾಗಿರುತ್ತದೆ, ತುದಿ ಸಪೂರವಾಗಿರುತ್ತದೆ, ನೋಡಿದರೆ ತಿಳಿಯುತ್ತದೆ. ಆದರೆ ತುದಿಗಳು ಅಂಕುಡೊಂಕಾಗಿ ಚೆಂದ ಕಾಣುವುದಿಲ್ಲವೆಂದು ಅವನ್ನೂ ಕತ್ತರಿಯಿಂದ ಸಮ ಮಾಡಿ, ಆ ಕಡೆಗೂ ಒಂದೊಂದು ಬ್ಯಾಂಡು ಬಿಗಿದುಬಿಟ್ಟಿದ್ದರು. ಎರಡೂ ಕಡೆ ಸಪಾಟು.

“ಬಂಗಡೆ ಜೋಡ್ಸಿದ ಹಾಂಗೆ ಜೋಡ್ಸಿದ್ದು. ತಪ್ಪಾತಾ?” ಎಂದು ಅವರಲ್ಲಿ ಹಿರಿಯಳು ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಒಂದು ದಿನದ ವ್ಯಾಪಾರ ಬಿಟ್ಟು ಬಂದವರಿಗೆ ಏನೆಂದು ಬೈಯುವುದು? ವಿಗ್ ಮಾಡುವವರಿಗೆ ಫೋನ್ ಮಾಡಿದಾಗ ಅವರು ಒಂದು ಉಪಾಯ ಹೇಳಿಕೊಟ್ಟರು. ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು, ಬೆರಳುಗಳನ್ನು ಮೇಲೆ ಕೆಳಗೆ ಉಜ್ಜಬೇಕು. ಹೇಗೆ ಉಜ್ಜಿದರೂ ಅದು ತನ್ನ ಬುಡದ ಕಡೆಗೇ ಸರಿದು ಹೋಗುತ್ತದೆ. ನಾನು ನಂಬಲಿಲ್ಲ. ನನ್ನದೇ ಒಂದು ಕೂದಲು ಕಿತ್ತು ನೋಡಿದೆ. ಜೀವವಿದ್ದ ಹುಳದ ಹಾಗೆ ಬುಡದ ದಿಕ್ಕಿಗೇ ಹೊರಟಿತು. ಮರುದಿನ ಪಾರ್ಲರು ತೆರೆಯದೆ ಅಷ್ಟೂ ಕಟ್ಟುಗಳಿಂದ ಒಂದೊಂದು ಕೂದಲು ಎಳೆದು, ಉಜ್ಜಿ, ಬುಡಕ್ಕೆ ಕೆಂಪು ದಾರ ಕಟ್ಟಿದೆ.

ಅದೇ ಬುಧವಾರ ಇನ್ನೊಂದು ಎಡವಟ್ಟೂ ಆಗಿತ್ತು. ಒಬ್ಬ ಅಜ್ಜಿ ಬಾಚುವಾಗ ಉದುರಿದ ಕೂದಲನ್ನೆಲ್ಲ ಉಂಡೆ ಮಾಡಿ ಒಂದು ಪ್ಲಾಸ್ಟಿಕ್ ಕೊಟ್ಟೆ ತುಂಬ ತಂದಿದ್ದಳು. ಬೀದಿಗೆ ಬರುವ ಕೂದಲು ವ್ಯಾಪಾರಿಗೆ ಕೊಟ್ಟು ಸ್ಟೀಲಿನ ಪಾತ್ರೆ ತೆಗೆದುಕೊಳ್ಳಲು ಕೂಡಿಟ್ಟದ್ದು. ಪಾತ್ರೆ ಬೇಡ, ರೋಗಿಗಳಿಗಾಗಲಿ ಎಂದು ತಂದಿದ್ದಾಳೆ. ಉದುರಿದ್ದು ಆಗುವುದಿಲ್ಲ ಅಜ್ಜಿ, ತಲೆಯಿಂದ ಕತ್ತರಿಸಿದ್ದೇ ಆಗಬೇಕು ಎಂದೆ. ಇದೂ ತನ್ನ ತಲೆಯದೇ ಅಲ್ಲವಾ ಎಂದು ಕೇಳಿದಳು. ಕೈಯಲ್ಲಿ ಕೆಲಸ ರಾಶಿ ಬಿದ್ದಿತ್ತು. ಹೌದಾದರೂ ಪ್ರಯೋಜನವಿಲ್ಲ, ತೆಗೆದುಕೊಂಡು ಹೋಗು ಎಂದು ಗದರಿಯೇ ಬಿಟ್ಟೆ. ಅಜ್ಜಿ ಕೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಮೂರು ದಿನದಲ್ಲಿ ಮಾತು ತಿರುಗಿ, ನಾವು ವ್ಯಾಪಾರಿಗಳಿಂದ ಕೂದಲು ಕೊಂಡು ಜಡೆಗೆ ಸೇರಿಸಿ ಗೇಣು ಹೆಚ್ಚು ಮಾಡುತ್ತೇವೆಂದು ಹೊನ್ನಾವರದವರೆಗೆ ಸುದ್ದಿಯಾಯಿತು.

ಹೊನ್ನಾವರದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಎಲ್ಲರಿಗಿಂತ ದೊಡ್ಡ ಮೊತ್ತ ಬರೆಸಿದ್ದರು. ಅವರು ಸ್ಪಷ್ಟವಾಗಿ ಹೇಳಿ ಕಳಿಸಿದರು, ಖಾತ್ರಿ ಇಲ್ಲದೆ ಕೊಡುವುದಿಲ್ಲವೆಂದು. ನನ್ನ ಕೈಯ ಮೇಲೇ ಅನುಮಾನ! ಮೈ ಉರಿದು, ಒಂದು ಚೀಟಿ ಮಾಡಿಸಿ ಎಂದು ಮೇಡಂಗೆ ನಾನೇ ಹೇಳಿದೆ. ಹೆಸರು, ಊರು, ಎಷ್ಟು ಗೇಣು, ಕೆಳಗೆ ‘ನನ್ನ ಎದುರಿನಲ್ಲಿ ತಲೆಯಿಂದ ಕತ್ತರಿಸಿದ್ದು’ ಎಂಬ ಸಾಲು, ಅದರ ಕೆಳಗೆ ನನ್ನ ಸಹಿ. ಒಂದು ಪ್ರತಿ ಕೂದಲು ಕೊಟ್ಟವರಿಗೆ, ಒಂದು ನಮ್ಮ ಕಡತಕ್ಕೆ. ಆ ಸಾಲನ್ನು ಅಕ್ಷರ ಅಕ್ಷರ ಬಾಯಲ್ಲಿ ಹೇಳಿ ಬರೆಸಿದವಳು ನಾನು.

ಹೊನ್ನಾವರದಲ್ಲಿ ಜನ ಹಣ ಬರೆಸಿದ್ದು ಹೆಚ್ಚಾಗಿ ಒಬ್ಬರ ಹೆಸರಿಗೆ. ಅವರು ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಕಲಿಸುವ ಅಕ್ಕೋರು. ವಯಸ್ಸು ನಲವತ್ತರ ಆಚೆ, ಮೊಣಕಾಲಿಗೆ ಮುಟ್ಟುವ ಜಡೆ. ಬಸ್ ಸ್ಟ್ಯಾಂಡಿನಲ್ಲಿ ಅವರು ನಡೆದು ಹೋದರೆ ಗುರುತಿಲ್ಲದವರೂ ತಿರುಗಿ ನೋಡುತ್ತಿದ್ದರು. ಯಾರೂ ಕೇಳುವ ಮೊದಲೇ ಅವರಾಗಿ ಬಂದು ಹೆಸರು ಕೊಟ್ಟಿದ್ದರು. ಹಾಗೆ ಹೆಸರು ಕೊಟ್ಟದ್ದೇ ನಮಗೆ ಆಶ್ಚರ್ಯ. ಅಕ್ಕೋರ ಜಡೆಗೆ ಎಂದರೆ ಹಣ ಬರೆಸಲು ಹಳೆಯ ವಿದ್ಯಾರ್ಥಿಗಳೆಲ್ಲ ಮುಂದೆ ಬಂದರು. ಮೇಡಂ ಲೆಕ್ಕ ಹಾಕಿ, ಆ ಒಂದು ಜಡೆ ಬಂದರೆ ವ್ಯಾನ್ ಬಂದ ಹಾಗೇ, ಬರದಿದ್ದರೆ ಉಳಿದದ್ದೆಲ್ಲ ಸೇರಿದರೂ ಸಾಲದು ಎಂದರು.

ಹೊನ್ನಾವರದ ಶಿಬಿರದ ದಿನ ಅಕ್ಕೋರು ಬರಲಿಲ್ಲ. ಹಾರ್ಡ್‌ವೇರ್ ಯಜಮಾನರು ಹೆಂಡತಿ ಮಕ್ಕಳ ಸಮೇತ ನೋಡಲು ಬಂದು ಕೂತಿದ್ದರು. ಫೋನ್ ಮಾಡಿದರೆ, ಇವತ್ತು ಆಗುವುದಿಲ್ಲ, ಭಟ್ಕಳಕ್ಕೆ ಬರುತ್ತೇನೆ ಎಂದರು. ಮನೆಯ ಬಾಗಿಲಲ್ಲೇ ಶಿಬಿರ ಇರುವಾಗ ಭಟ್ಕಳಕ್ಕೆ ಯಾಕೆ? ಮನಸ್ಸು ಬದಲಾಯಿತೋ, ಮನೆಯವರು ಬೇಡ ಎಂದರೋ, ಇನ್ನೂ ಹೆಚ್ಚು ಹಣ ಬರಲಿ ಎಂದು ಕಾಯುತ್ತಿದ್ದಾರೋ? ಮೇಡಂ ಒಂದು ಹೇಳಿದರು, ನಾನು ಒಂದು ಹೇಳಿದೆ, ಯಾವುದೂ ಹೊಂದಿಕೆಯಾಗಲಿಲ್ಲ. ಮತ್ತೆ ಫೋನ್ ಮಾಡಿದಾಗ ಅಕ್ಕೋರು ಇನ್ನೆರಡು ಕರಾರು ಸೇರಿಸಿದರು. ತಲೆ ತಾವೇ ತೊಳೆದುಕೊಂಡು ಬರುತ್ತಾರೆ. ಕೋಣೆಯಲ್ಲಿ ನನ್ನ ಹೊರತು ಯಾರೂ ಇರಕೂಡದು.

ಭಟ್ಕಳದಲ್ಲಿ ನಮಗೆ ಜಾಗ ಕೊಟ್ಟವರು ಹೊಲಿಗೆ ಕ್ಲಾಸ್ ನಡೆಸುವ ಮುಸ್ಲಿಂ ಹೆಂಗಸೊಬ್ಬರು; ಎಲ್ಲರೂ ಅವರನ್ನು ಕರೆಯುವುದು ಆಪಾ, ಅಂದರೆ ಅಕ್ಕ, ಎಂದು. ತಮ್ಮ ಕಡೆಯವರಲ್ಲಿ ಕೂದಲು ಕೊಡುವವರು ಕಡಿಮೆ, ಆದರೆ ಗೇಣಿಗೆ ಇಷ್ಟೆಂದು ಬರೆಸುತ್ತೇವೆ, ಕೋಣೆಯನ್ನೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದರು. ಅವರ ಕಟ್ಟುನಿಟ್ಟು ಏನೆಂದರೆ, ಒಳಗೆ ಗಂಡಸರಿಗೆ ಪ್ರವೇಶವಿಲ್ಲ, ಫೋನು ಬಾಗಿಲ ಹೊರಗಿನ ಬುಟ್ಟಿಯಲ್ಲಿ, ಫೋಟೋ ಇಲ್ಲ, ಬಾಗಿಲಿಗೂ ಕಿಟಕಿಗೂ ದಪ್ಪ ಪರದೆ. ಅಕ್ಕೋರು ಭಟ್ಕಳವನ್ನೇ ಆರಿಸಿದ್ದು ಈ ಪರದೆಗಾಗಿ ಎಂದು ನನಗೆ ಅಂದು ಮಧ್ಯಾಹ್ನದವರೆಗೂ ಹೊಳೆಯಲಿಲ್ಲ.

ಅವರು ಮಧ್ಯಾಹ್ನ ಬಂದರು. ಕುರ್ಚಿಯಲ್ಲಿ ಕೂತವರೇ ಕನ್ನಡಿಗೆ ಒಂದು ಬಟ್ಟೆ ಹಾಕಿ ಎಂದರು. ಹಾಕಿದೆ. ಕತ್ತರಿಸುವ ಮೊದಲು ಅಳೆಯುವುದು ನಮ್ಮ ಕ್ರಮ. ಕುತ್ತಿಗೆಯ ಗುಳಿಯಿಂದ ಗೇಣು ಹಾಕುತ್ತ ಬಂದೆ. ಸರಿಯಾಗಿ ಐದು. ಚೀಟಿಯಲ್ಲಿ ಐದು ಎಂದು ಬರೆದು, ಜಡೆಯನ್ನು ಕೆಳಗಿನಿಂದ ಬಿಚ್ಚುತ್ತ ಮೇಲಕ್ಕೆ ಹೋದೆ. ಕುತ್ತಿಗೆಯ ಹತ್ತಿರ ಬೆರಳಿಗೆ ಗಂಟು ಸಿಕ್ಕಿತು. ಕಪ್ಪು ದಾರ ಸುತ್ತಿದ, ಹೆಬ್ಬೆರಳು ದಪ್ಪದ ಗಂಟು. ಅದರ ಸುತ್ತ ಮೂರು ಪಿನ್ನು.

ಚೌರಿ. ಮೋಟು ಜಡೆಯವರು ಉದ್ದ ಕಾಣಲೆಂದು ಸೇರಿಸಿಕೊಳ್ಳುವ ಕೂದಲ ಕಟ್ಟು. ನನ್ನ ಅಂಗಡಿಯಲ್ಲೇ ಮೂರು ಬಗೆಯದು ನೇತುಹಾಕಿದ್ದೇನೆ.

ಕೈ ಹಾಗೇ ನಿಂತಿತು. ಮೊದಲು ಬಂದದ್ದು ಸಿಟ್ಟು. ಎರಡು ತಾಲೂಕು ನಮ್ಮ ಮೇಲೆ ಇದೇ ಅನುಮಾನ ಪಟ್ಟಿತ್ತು, ಅದು ಸುಳ್ಳೆಂದು ನಾನು ಹೋದಲ್ಲೆಲ್ಲ ಜಗಳವಾಡಿದ್ದೆ. ಈಗ ನೋಡಿದರೆ ನನ್ನ ಕೈಯಲ್ಲೇ ಇದೆ. ಪಿನ್ನುಗಳನ್ನು ತೆಗೆದೆ. ಐದು ಗೇಣೂ ಕಳಚಿ ನನ್ನ ಅಂಗೈಗೆ ಬಂತು. ಅಕ್ಕೋರ ತಲೆಯಲ್ಲಿ ಉಳಿದದ್ದು ಹೆಗಲವರೆಗಿನ ತೆಳು ಕೂದಲು, ಬಣ್ಣ ಹಚ್ಚಿದ್ದು, ಬುಡದಲ್ಲಿ ಬಿಳಿ. ಅವರು ಅಲುಗಾಡಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಕೂತಂತೆ ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡಿದ್ದರು.

ಯಾಕೋ ಗೊತ್ತಿಲ್ಲ, ಬಾಯಿಗೆ ಬಂದದ್ದನ್ನು ನುಂಗಿ, ಗಂಟಿನಿಂದ ಒಂದು ಕೂದಲು ಎಳೆದು ಬೆರಳುಗಳ ನಡುವೆ ಉಜ್ಜಿದೆ. ಬಹುಶಃ ಕುಮಟೆಯ ಅಷ್ಟೂ ಕಟ್ಟುಗಳಿಗೆ ಅದನ್ನೇ ಮಾಡಿ ಕೈಗೆ ಚಟವಾಗಿತ್ತು. ಅಂಗಡಿಯ ನೈಲಾನ್ ಚೌರಿಯಾದರೆ ಎತ್ತಲೂ ಸರಿಯುವುದಿಲ್ಲ. ಉದುರಿದ ಕೂದಲಿನಿಂದ ಕಟ್ಟಿದ್ದಾದರೆ ಒಂದು ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ. ಇದು ಗಂಟಿನ ಕಡೆಗೆ ಸರಿಯಿತು. ಇನ್ನೊಂದು ಎಳೆದೆ, ಅದೂ ಗಂಟಿನ ಕಡೆಗೆ. ಏಳು ಕೂದಲು ನೋಡಿದೆ. ಏಳೂ ಒಂದೇ ದಿಕ್ಕು. ಅಂದರೆ ಇದು ಒಂದು ತಲೆಯಿಂದ, ಒಂದೇ ಸಲ, ಕ್ರಮವಾಗಿ ಕತ್ತರಿಸಿದ ಕೂದಲು.

“ಯಾರ್ದು ಇದು ಅಕ್ಕೋರೆ?”

“ನಂದೇ.”

ಮುಂದೆ ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆರು ವರ್ಷದ ಹಿಂದೆ ಅವರಿಗೂ ಅದೇ ಕಾಯಿಲೆ. ತಂಗಿಯ ಮದುವೆ ಆಗಬೇಕಿತ್ತು. ಮನೆತನದಲ್ಲಿ ಕ್ಯಾನ್ಸರ್ ಎಂದರೆ ಬಂದ ಸಂಬಂಧ ಹಿಂದೆ ಸರಿಯುತ್ತದೆಂದು ಹೆದರಿ ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಅಣ್ಣನ ಆರೋಗ್ಯ ಸರಿಯಿಲ್ಲವೆಂದು ಊರಿಗೆಲ್ಲ ಹೇಳಿ ಮುಂಬೈಗೆ ಹೋಗಿ ಅವನ ಮನೆಯಲ್ಲೇ ಇದ್ದು ಚಿಕಿತ್ಸೆ ಮಾಡಿಸಿಕೊಂಡರು. ಕಿಮೋ ಶುರುವಾಗುವ ಹಿಂದಿನ ದಿನ, ಉದುರುವುದನ್ನು ನೋಡಲಾರೆನೆಂದು, ಜಡೆ ಹೆಣೆದು ತಾವೇ ಅತ್ತಿಗೆಯ ಕತ್ತರಿಯಿಂದ ಕತ್ತರಿಸಿದರು. ಒಂದೂವರೆ ವರ್ಷದ ರಜೆ ಮುಗಿದು ಕೂದಲು ಕುತ್ತಿಗೆಗೆ ಬಂದಾಗ, ಕರ್ಕಿಯಲ್ಲಿ ಯಕ್ಷಗಾನದ ಸ್ತ್ರೀವೇಷಕ್ಕೆ ಕೂದಲು ಕಟ್ಟುವ ಹಿರಿಯರೊಬ್ಬರ ಬಳಿ ಹೋಗಿ ಆ ಜಡೆಯನ್ನು ಚೌರಿ ಮಾಡಿಸಿಕೊಂಡರು. ಆ ಹಿರಿಯರು ಏನೂ ಕೇಳಲಿಲ್ಲವಂತೆ, ಈಗ ಅವರೂ ಇಲ್ಲ. ಅವರ ಸ್ವಂತ ಕೂದಲು ಹೆಗಲು ದಾಟಿ ಬೆಳೆಯಲೇ ಇಲ್ಲ. ಅಲ್ಲಿಂದ ಇವತ್ತಿನವರೆಗೆ ಅಕ್ಕೋರು ನೆಂಟರ ಮನೆಯಲ್ಲಿ ತಲೆ ಮಿಂದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಹೂ ಮುಡಿಸಲು ಬಂದರೆ ದೂರ ನಿಂತು ತಾವೇ ಮುಡಿದುಕೊಳ್ಳುತ್ತಾರೆ. ಶಾಲೆಯ ಮಕ್ಕಳು ಜಡೆ ಎಳೆದಾರೆಂದು ಅದನ್ನು ಸದಾ ಮುಂದಕ್ಕೆ ಹಾಕಿಕೊಂಡಿರುತ್ತಾರೆ.

“ತಂಗಿ ಮದುವೆ ಆತು. ಇನ್ನು ನಂಗೆ ಇದು ಸಾಕು,” ಎಂದರು. “ಬರೇ ದಾನ ಅಂತ ತಿಳ್ಕಣಬೇಡಿ. ಗಿಡ್ಡ ಕೂದ್ಲಲ್ಲಿ ಓಡಾಡೂಕೆ ಒಂದು ನೆವ ಬೇಕಾಗಿತ್ತು, ಅದು ನಿಮ್ಮಿಂದ ಸಿಕ್ತು. ಹಣ ಕೊಡೋರಿಗೆ ಇದು ಮೋಸ ಅಂತ ನಿಮ್ಗೆ ಕಂಡ್ರೆ ಹೇಳಿ. ವಾಪಸು ಕಟ್ಕಂಡು ಹೋಗ್ತೆ.”

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೋಸವೇ? ಕೂದಲು ಅವರದೇ. ತಲೆಯಿಂದ ಕತ್ತರಿಸಿದ್ದೇ. ಉದ್ದ ಐದು ಗೇಣೇ. ಆದರೆ ಜನ ಹಣ ಬರೆಸಿದ್ದು ಇವತ್ತು ಅಕ್ಕೋರು ಜಡೆ ಕಳೆದುಕೊಳ್ಳುತ್ತಾರೆ ಎಂದು. ಅವರು ಅದನ್ನು ಆರು ವರ್ಷದ ಹಿಂದೆಯೇ, ಯಾರೂ ಚಪ್ಪಾಳೆ ತಟ್ಟದ ಕೋಣೆಯಲ್ಲಿ ಕಳೆದುಕೊಂಡಾಗಿತ್ತು. ಹಾಗಾದರೆ ಅವರು ಕೊಟ್ಟದ್ದು ಕಡಿಮೆಯೋ ಹೆಚ್ಚೋ? ಬೇಡ ಎಂದರೆ ವ್ಯಾನ್ ಇಲ್ಲ. ಅಘನಾಶಿನಿಯವಳು ಮತ್ತೆ ಬಸ್ಸು ಹತ್ತುವುದಿಲ್ಲ. ಸರಿ ಎಂದರೆ ನಾನೇ ಬರೆಸಿದ ಸಾಲಿನ ಕೆಳಗೆ ಸುಳ್ಳು ಸಹಿ. ಕುಮಟೆಯ ಆ ಅಜ್ಜಿಯೂ ನೆನಪಾದಳು. ಇದೂ ತನ್ನ ತಲೆಯದೇ ಎಂದವಳನ್ನು ಗದರಿ ಕಳಿಸಿದ್ದ ನನಗೆ, ನಂದೇ ಎಂದ ಇವರನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊರಗೆ ಆಪಾ ಎರಡು ಸಲ ಬಾಗಿಲು ತಟ್ಟಿ, ಚಹಾ ಆಗಿದೆ ಎಂದರು.

ಕೊನೆಗೆ ಎದ್ದು ನನಗೆ ಗೊತ್ತಿರುವ ಕೆಲಸ ಮಾಡಿದೆ. ದಾರದ ಗಂಟು ಬಿಚ್ಚಿ, ಕೂದಲನ್ನು ನಾಲ್ಕು ಪಾಲು ಮಾಡಿ, ಬುಡ ಬೆರೆಯದಂತೆ ಬ್ಯಾಂಡು ಬಿಗಿದೆ, ಕೆಂಪು ದಾರ ಕಟ್ಟಿದೆ. ಅಕ್ಕೋರ ತಲೆಯಲ್ಲಿದ್ದುದನ್ನು ಕಿವಿಯ ಕೆಳಗೆ ಒಂದು ಸಮಕ್ಕೆ ತಂದು, ತೆಳುವು ಗೊತ್ತಾಗದಂತೆ ಹಿಂದೆ ಪದರ ಬಿಟ್ಟೆ. ಬಣ್ಣದ ಕೂದಲು ಆಗುವುದಿಲ್ಲವಲ್ಲ, ಬಿದ್ದ ಚೂರುಗಳನ್ನು ಗುಡಿಸಿದೆ. ಆಮೇಲೆ ಚೀಟಿ ಎಳೆದುಕೊಂಡೆ. ‘ಐದು ಗೇಣು’ ಮೊದಲೇ ಬರೆದಿತ್ತು. ಕೆಳಗಿನ ಸಾಲಿನಲ್ಲಿ ‘ನನ್ನ ಎದುರಿನಲ್ಲಿ’ ಎಂಬ ಎರಡು ಪದಗಳನ್ನು ಹೊಡೆದು ಹಾಕಿದೆ. ‘ತಲೆಯಿಂದ ಕತ್ತರಿಸಿದ್ದು’ ಎಂಬುದನ್ನು ಉಳಿಸಿ ಸಹಿ ಮಾಡಿದೆ. ಕಾರ್ಬನ್ ಪ್ರತಿಯನ್ನು ಅಕ್ಕೋರಿಗೆ ಕೊಟ್ಟೆ. ಅವರು ಓದಿ, ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು.

ಪರದೆ ಸರಿಸಿ ಹೊರಗೆ ಬಂದಾಗ ಆಪಾ ಮತ್ತು ಅಲ್ಲಿದ್ದ ಹೆಂಗಸರು ಅಕ್ಕೋರ ಗಿಡ್ಡ ಕೂದಲು ನೋಡಿ ಎದ್ದು ನಿಂತರು. ಆಮೇಲೆ ಆಪಾ ಬಂದು ಅವರ ಕೈ ಹಿಡಿದುಕೊಂಡರು. ಎಲ್ಲರ ಕಣ್ಣಲ್ಲೂ ನೀರು. ಅವರು ಅಳುತ್ತಿದ್ದುದು ಇವತ್ತು ಹೋದ ಜಡೆಗೆ. ಅದು ಹೋಗಿ ಆರು ವರ್ಷವಾಯಿತೆಂದು ನಾನು ಹೇಳುವ ಹಾಗಿರಲಿಲ್ಲ. ಅಕ್ಕೋರು ಮಾತ್ರ ಕುತ್ತಿಗೆಯ ಹಿಂದೆ ಕೈಯಾಡಿಸುತ್ತ ಗಾಳಿ ತಾಗುತ್ತದೆ ಎಂದು ನಕ್ಕರು.

ಕುಮಟೆಗೆ ಬಂದು ಚೀಟಿಗಳ ಕಟ್ಟನ್ನು ಮೇಡಂ ಮುಂದೆ ಇಟ್ಟೆ. ಅವರು ಒಂದೊಂದನ್ನೇ ನೋಡುತ್ತ ಅಕ್ಕೋರ ಚೀಟಿಗೆ ಬಂದಾಗ ನಿಂತರು. ಹೊಡೆದು ಹಾಕಿದ್ದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

“ಕೂದ್ಲು ಅಕ್ಕೋರದ್ದೇ, ಮೇಡಂ. ಅದಕ್ಕೆ ನಾನು ಜವಾಬ್ದಾರಿ. ಉಳಿದದ್ದು ಕೇಳ್ಬೇಡಿ,” ಎಂದೆ.

ಫಾರ್ಮಿನಲ್ಲಿ ಒಂದು ಚುಕ್ಕೆ ತಪ್ಪಿದರೂ ವಾಪಸು ಕಳಿಸುವ ಹೆಂಗಸು ಅವರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. ಆಮೇಲೆ, ಬ್ಯಾಂಕಿನಲ್ಲಿ ತಿದ್ದಿದ ಕಡೆ ಮಾಡುವ ಹಾಗೆ, ಹೊಡೆದು ಹಾಕಿದ ಎರಡು ಪದಗಳ ಪಕ್ಕ ತಮ್ಮ ಸಣ್ಣ ಸಹಿ ಹಾಕಿ, ಚೀಟಿಯನ್ನು ಕಡತಕ್ಕೆ ಸೇರಿಸಿದರು. ಏನು ಅರ್ಥ ಮಾಡಿಕೊಂಡರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹಾರ್ಡ್‌ವೇರ್ ಯಜಮಾನರು ಐದು ಗೇಣು ಎಂಬುದನ್ನು ಮಾತ್ರ ಓದಿ, ಒಪ್ಪಿದ್ದನ್ನು ಕೊಟ್ಟರು. ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ವ್ಯಾನ್ ನಮ್ಮದಾಯಿತು.

ವಿಗ್ ಮಾಡುವವರು ಫೋನ್ ಮಾಡಿ, ಉದ್ದನೆಯ ಆ ಕಟ್ಟು ಸ್ವಲ್ಪ ಒಣಕಲು, ಆದರೆ ಒಂದು ಕೂದಲೂ ತಿರುಗಾಮುರುಗಾ ಇಲ್ಲ ಎಂದರು. ಅಘನಾಶಿನಿಯವಳು ಮೊದಲ ದಿನವೇ ವ್ಯಾನಿನಲ್ಲಿ ಮಲಗಿಕೊಂಡು ಹೋದಳು. ಜೊತೆಗೆ ಅಕ್ಕೋರೂ ಹೋಗಿದ್ದರು. ಅವಳಿಗೆ ನೆರವಾಗಲು ಹೋದದ್ದೋ, ತಾವೇ ಡಾಕ್ಟರಿಗೆ ತೋರಿಸಿಕೊಳ್ಳಲು ಹೋದದ್ದೋ, ನಾನು ಕೇಳಲಿಲ್ಲ. ಕುಮಟೆಯ ಅಜ್ಜಿಯನ್ನು ಹುಡುಕಿಕೊಂಡು ಹೋಗಿ ಒಂದು ಮಾತು ಹೇಳಿ ಬರಬೇಕೆಂದು ಇನ್ನೂ ಅಂದುಕೊಳ್ಳುತ್ತಲೇ ಇದ್ದೇನೆ. ಏನು ಹೇಳಬೇಕೆಂದು ಸರಿಯಾಗಿ ತೋಚುತ್ತಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬುಧವಾರ ಅಕ್ಕೋರು ನನ್ನ ಪಾರ್ಲರಿಗೆ ಬಂದರು. ಕೂದಲು ಕುತ್ತಿಗೆಯವರೆಗೆ ಇಳಿದಿತ್ತು. ಈ ಸಲ ಬಣ್ಣ ಹಚ್ಚಿರಲಿಲ್ಲ. ಇನ್ನಿಬ್ಬರು ಗಿರಾಕಿಗಳು ಬೆಂಚಿನಲ್ಲಿ ಕೂತಿದ್ದರು. ನಾನು ಕೇಳದೆಯೇ ಎದ್ದು ಒಳಗಿನ ಪರದೆ ಎಳೆಯಲು ಹೋದೆ, ಕನ್ನಡಿಗೆ ಹೊದಿಸಲು ಬಟ್ಟೆಯನ್ನೂ ತೆಗೆದುಕೊಂಡೆ. ಅವರು ಬೇಡ ಎಂದು ಕೈ ಮಾಡಿದರು. ಪರ್ಸಿನಿಂದ ನಾಲ್ಕು ಮಡಿಕೆಯ ಆ ಚೀಟಿಯನ್ನು ತೆಗೆದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಿಡಿಸಿಟ್ಟರು. ನಾನು 'ನನ್ನ ಎದುರಿನಲ್ಲಿ' ಎಂಬುದನ್ನು ಹೊಡೆದು ಹಾಕಿದ ಗೆರೆ ಕಾರ್ಬನ್ನಿನಲ್ಲಿ ದಪ್ಪಗೆ ಮೂಡಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದರು:

“ಕತ್ತರ್ಸಿ. ಈ ಸಲ ನಿಮ್ಮ ಎದುರಿಗೇ.”